ಮಪೆಟ್ ಗೊಂಬೆಯಾಟದಲ್ಲಿ ಪಾತ್ರಪ್ರಾಧಾನ್ಯ

ಕಾವ್ಯವೊಂದರಲ್ಲಿ ಪ್ರಧಾನಪಾತ್ರವಾವುದೆಂಬ ವಿವಾದವು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ರನ್ನನು ತನ್ನ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂಬ ಹೆಸರನ್ನೂ ಕೊಟ್ಟು ಭೀಮನನ್ನೇ ನಾಯಕಪದವಿಯಲ್ಲಿ ಕುಳ್ಳಿರಿಸಿದ್ದರೂ, ಓದುವವರ ಮನಸ್ಸು ಸೋಲಿನ ಕಡೆಗೆ ಒಂಟಿಯಾಗಿ ನಡೆಯುತ್ತಿರುವ ದುರ್ಯೋಧನನ ಬೆನ್ನುಹತ್ತಿ ಹೋಗುವುದೇಕೆಂಬ ಪ್ರಶ್ನೆಯನ್ನು ಕುರಿತು ಎಷ್ಟೋ ಚರ್ಚೆ ನಡೆದಿದೆ. ಕವಿಯು ಸಂಕಲ್ಪಿಸಿ ಕೊಟ್ಟ ಪ್ರಾಧಾನ್ಯವು ಒಂದು. ಸಹೃದಯನ ಚಿತ್ತದಲ್ಲಿ ತಾನಾಗಿ ಒದಗುವ ಪ್ರಾಧಾನ್ಯವು ಮತ್ತೊಂದು. ಇವೆರಡಕ್ಕೂ ಭೇದವುಂಟೆಂಬುದನ್ನು ಒಪ್ಪಿದ ಮೇಲೆ, ಎರಡನೆಯದು ಎಲ್ಲಿಂದ ಹುಟ್ಟುತ್ತದೆಂಬುದನ್ನು ವಿಚಾರಿಸಬೇಕಾಗುತ್ತದೆ. ಕಾವ್ಯದಲ್ಲಿ ಈ ವಿಚಾರವು ಕಷ್ಟ; ಏಕೆಂದರೆ ಕವಿಯು ಗತಿಸಿ ಸಾವಿರ ವರ್ಷಗಳಾಗಿರುತ್ತವೆ, ಗ್ರಂಥವು ಮಾತ್ರ ಉಳಿದಿರುತ್ತದೆ. ಆದರೆ ಇದೇ ವಿವಾದವು ಅಮೆರಿಕಾ ದೇಶದ ಹಾಸ್ಯಪ್ರಧಾನವಾದ ಒಂದು ಗೊಂಬೆಯಾಟದ ರಸಿಕರಲ್ಲಿಯೂ ಬಹುಕಾಲದಿಂದ ನಡೆದುಬಂದಿದೆ. ಅಲ್ಲಿಯಾದರೋ ಪಾತ್ರಗಳು ಏರಿದ್ದಕ್ಕೂ ಇಳಿದದ್ದಕ್ಕೂ ಕಾಲನಿರ್ದೇಶವು ಸಿಕ್ಕುತ್ತದೆ. ಆದುದರಿಂದ ಆ ಆಟದ ಚರಿತ್ರೆಯು ಸಾಹಿತ್ಯವಿಚಾರಕರ ಗಮನಕ್ಕೆ ಅರ್ಹವಾಗಿದೆ.

ಈ ಗೊಂಬೆಗಳಿಗೆ ಮಪೆಟ್ ಎಂದು ಹೆಸರು. ಇವನ್ನು ಕಟ್ಟಿದವನು ಜಿಮ್ ಹೆನ್ಸನ್ (೧೯೩೬–೧೯೯೦). ೧೯೫೫ರಲ್ಲಿ ವಾಷಿಂಗ್‌ಟನ್ ನಗರದ ಒಂದು ದೂರದರ್ಶನ ಕೇಂದ್ರದಲ್ಲಿ ಐದು ನಿಮಿಷಗಳ ಆಟವಾಗಿ ಮೊದಲಾದ ಈ ಬಳಗವು, ಎಪ್ಪತ್ತು ವರ್ಷಗಳು ಕಳೆದರೂ ರಂಗವನ್ನು ಬಿಟ್ಟಿಲ್ಲ. ೧೯೭೬ರಿಂದ ೧೯೮೧ರವರೆಗೆ ಇಂಗ್ಲೆಂಡಿನ ಎಲ್‌ಸ್ಟ್ರೀ ಎಂಬಲ್ಲಿ ಸಿದ್ಧವಾದ ‘ಮಪೆಟ್ ಷೋ’ ಎಂಬ ೧೨೦ ಆಟಗಳ ಮಾಲೆಯು ಇದಕ್ಕೆಲ್ಲ ಶಿಖರಪ್ರಾಯವಾದುದು. ಆ ಮಾಲೆಯು ನಡೆಯುತ್ತಿರುವಾಗಲೇ, ೧೯೭೯ರಲ್ಲಿ, ಮೊದಲನೆಯ ಚಲಚ್ಚಿತ್ರವು ಹೊರಬಂದಿತು. ೨೦೦೪ರಲ್ಲಿ ಡಿಸ್ನಿ ಸಂಸ್ಥೆಯವರು ಬಳಗವನ್ನೇ ಕೊಂಡರು. ಮುಖ್ಯವಾದ ಪಾತ್ರಗಳಾವುವೆಂದರೆ: ಕರ್ಮಿಟ್ ಎಂಬ ಕಪ್ಪೆ; ಅದನ್ನು ಬಿಡದೆ ಪ್ರೀತಿಸುವ, ಸಿಟ್ಟು ಬಂದರೆ ಹೊಡೆಯುವ ಮಿಸ್ ಪಿಗ್ಗಿ ಎಂಬ ಹಂದಿ; ಯಾರನ್ನೂ ನಗಿಸಲಾರದ ಹಾಸ್ಯಗಾರನಾದ ಫಾಜಿ ಎಂಬ ಕರಡಿ; ಯಾವ ಜಾತಿಗೂ ಸೇರದ, ಬಾಗಿದ ಮೂಗಿನ ಗಾನ್ಜೊ; ಪಿಯಾನೋ ಬಾರಿಸುವ ರೌಲ್ಫ್ ಎಂಬ ನಾಯಿ; ನೇಪಥ್ಯದ ಓಡಾಟಗಳಿಗೆ ನಿಂತ ಸ್ಕೂಟರ್ ಎಂಬ ಹುಡುಗ; ಮೇಲಂತಸ್ತಿನಲ್ಲಿ ಕುಳಿತು ನಡೆದ ಆಟವನ್ನೆಲ್ಲ ಹಳಿಯುವ ಸ್ಟ್ಯಾಟ್ಲರ್, ವಾಲ್ಡಾರ್ಫ್ ಎಂಬ ಮುದುಕರಿಬ್ಬರು. ಹೊರಗಿನ ಪರಿವಾರವು ಇನ್ನೂ ಬಹಳವಿದೆ.

ಇವು ಮೇಲಿನಿಂದ ದಾರದಲ್ಲಿ ಆಡಿಸುವ ಗೊಂಬೆಗಳಲ್ಲ. ಆಟಗಾರನು ಕೆಳಗೆ ನಿಂತು, ತೋಳನ್ನು ತಲೆಯ ಮೇಲಕ್ಕೆತ್ತಿ, ಬಲಗೈಯನ್ನು ಗೊಂಬೆಯ ತಲೆಯೊಳಗೆ ಹುಗಿಸಿ ಬೆರಳುಗಳಿಂದ ಬಾಯಾಡಿಸುತ್ತಾನೆ. ಎಡಗೈಯಿಂದ ಸಣ್ಣ ಸಲಾಕೆಗಳನ್ನು ಹಿಡಿದು ಗೊಂಬೆಯ ಕೈಗಳನ್ನಾಡಿಸುತ್ತಾನೆ. ಮಾತನ್ನೂ ಅವನೇ ಆಡುತ್ತಾನೆ. ಹೆನ್ಸನ್ನನ ಪದ್ಧತಿಯಲ್ಲಿ ಬೇರೆ ಮರೆಗಟ್ಟು ಇಲ್ಲ. ದೂರದರ್ಶನದ ಚೌಕಟ್ಟೇ ರಂಗದ ಅಂಚು. ಆಟಗಾರನು ಪ್ರೇಕ್ಷಕನಿಗೆ ಕಾಣುವ ಚಿತ್ರವನ್ನೇ ತನ್ನ ಮುಂದೆ ಇಟ್ಟುಕೊಂಡು ನೋಡುತ್ತ ಆಡುವುದರಿಂದ, ತಾನೇ ನಟನೂ ತಾನೇ ಪ್ರೇಕ್ಷಕನೂ ಆಗಿರುತ್ತಾನೆ. ಕೆಲವು ಗೊಂಬೆಗಳಿಗೆ ನಿಜವಾದ ಮನುಷ್ಯಹಸ್ತಗಳು ಬೇಕಾಗಿ ಇಬ್ಬರು ಆಟಗಾರರು ಕೂಡಬೇಕಾಗುತ್ತದೆ. ಸ್ವೀಡನ್ನಿನ ಅಡಿಗೆಯವನೆಂಬ ಪಾತ್ರದಲ್ಲಿ ತಲೆಯೂ ಮಾತೂ ಹೆನ್ಸನ್ನನವು, ಕೈಗಳು ಫ್ರ್ಯಾಂಕ್ ಆಜನವು. ಒಬ್ಬನು ಏನು ಹೇಳುವನೆಂದು ಮತ್ತೊಬ್ಬನಿಗೂ, ಮತ್ತೊಬ್ಬನ ಕೈ ಏನನ್ನು ಎಸೆಯುವುದೆಂದು ಇವನಿಗೂ ಮುಂಚಿತವಾಗಿ ತಿಳಿಯದೆ ಹುಟ್ಟುವ ಗಲಿಬಿಲಿಯೇ ಅಲ್ಲಿ ಹಾಸ್ಯದ ಬೀಜ. ಮುಂದಿನ ವಿಚಾರಕ್ಕೆ ಈ ಯಾಂತ್ರಿಕ ವಿವರವು ಅವಶ್ಯಕವಾದುದರಿಂದ ಇಷ್ಟು ಹೇಳಬೇಕಾಯಿತು.

ಇನ್ನು ವಿವಾದದ ಸ್ವರೂಪ. ಈ ಆಟದ ರಸಿಕರಲ್ಲಿ ಒಂದು ಪಕ್ಷದವರು ಕರ್ಮಿಟನೇ ನಾಯಕನೆಂದೂ ಉಳಿದವರೆಲ್ಲ ಅವನ ಸುತ್ತ ಸುಳಿಯುವ ಗ್ರಹಗಳೆಂದೂ ಹೇಳುವರು. ಮತ್ತೊಂದು ಪಕ್ಷದವರು ಪಿಗ್ಗಿಯು ರಂಗಕ್ಕೆ ಬಂದೊಡನೆ ಕರ್ಮಿಟನು ಪಕ್ಕಕ್ಕೆ ಸರಿಯುವನಾದ್ದರಿಂದ ಸಮಪ್ರಾಧಾನ್ಯವನ್ನಾದರೂ ಒಪ್ಪಬೇಕೆನ್ನುವರು. ಮೂರನೆಯವರ ಗೋಳು ಬೇರೆ: ರೌಲ್ಫ್, ಸ್ಕೂಟರ್, ಕರ್ಮಿಟನ ಅಣ್ಣನ ಮಗ ರಾಬಿನ್ ಮೊದಲಾದ ಹಳಬರನ್ನು ಮೂಲೆಗೆ ತಳ್ಳಿ, ರಿಜ್ಜೊ ಎಂಬ ಇಲಿ, ಪೆಪೆ ಎಂಬ ಸೀಗಡಿ, ವಾಲ್ಟರ್ ಎಂಬ ಹೊಸಬ, ಇವರಿಗೆ ಮಣೆಹಾಕಿದ್ದು ಅನ್ಯಾಯವೆಂದು ಅವರ ದೂರು. ಯಾವ ಚಿತ್ರದಲ್ಲಿ ಯಾರಿಗೆ ಎಷ್ಟು ಮಾತು ದೊರೆಯಿತೆಂಬುದನ್ನು ಲೆಕ್ಕಹಾಕಿ ತಮ್ಮ ಪಕ್ಷವನ್ನು ಸಾಧಿಸುವವರೂ ಉಂಟು. ಈ ಪಕ್ಷಗಳಲ್ಲೆಲ್ಲ ಸಮಾನವಾದ ಒಂದು ಅಭ್ಯುಪಗಮವು ಅಡಗಿದೆ. ಅದೇನೆಂದರೆ, ಪ್ರಾಧಾನ್ಯವು ಪಾತ್ರದ ಸ್ವತ್ತು, ಅದನ್ನು ಕೊಡುವವನೂ ಕಿತ್ತುಕೊಳ್ಳುವವನೂ ಕಥೆ ಬರೆದವನು, ಎಂಬುದು. ಈ ಅಭ್ಯುಪಗಮವು ಪರೀಕ್ಷೆಗೆ ನಿಲ್ಲುವುದೋ ಇಲ್ಲವೋ ಎಂಬುದೇ ಇಲ್ಲಿಯ ಪ್ರಶ್ನೆ.

ನಾಟ್ಯಶಾಸ್ತ್ರಕಾರರ ಮತದಲ್ಲಿ ಪ್ರಾಧಾನ್ಯದ ಲಕ್ಷಣವು ಸ್ಫುಟವಾಗಿದೆ. ಕಥೆಯ ಫಲಕ್ಕೆ ಯಾರು ಒಡೆಯನೋ ಅವನೇ ಅಧಿಕಾರಿ. ಅವನ ವೃತ್ತಾಂತವು ಆಧಿಕಾರಿಕ. ಅದಕ್ಕೆ ನೆರವಾಗಿ ಬರುವುದು ಪ್ರಾಸಂಗಿಕ. ಪ್ರಾಸಂಗಿಕವು ದೂರ ನಡೆದುಬಂದರೆ ಪತಾಕೆ, ಒಂದು ಪ್ರದೇಶದಲ್ಲಿಯೇ ಮುಗಿದರೆ ಪ್ರಕರಿ. ರಾಮಕಥೆಯಲ್ಲಿ ಸುಗ್ರೀವನ ವೃತ್ತಾಂತವು ಪತಾಕೆ, ಶಬರಿಯದು ಪ್ರಕರಿ. ಧನಂಜಯನ ದಶರೂಪಕದಲ್ಲಿ ಈ ವಿಭಾಗವನ್ನು ಓದಿದವರಿಗೆ ಮಪೆಟ್ ಷೋ ಒಂದು ತೊಡಕನ್ನು ತಂದೊಡ್ಡುತ್ತದೆ. ಆ ಆಟದಲ್ಲಿ ಕರ್ಮಿಟನು ಒಂದು ಹಳೆಯ ನಾಟಕಶಾಲೆಯ ವ್ಯವಸ್ಥಾಪಕ. ವಾರವಾರವೂ ಒಬ್ಬ ಪ್ರಸಿದ್ಧ ಅತಿಥಿಯನ್ನು ಕರೆಯಿಸಿ ಆಟವನ್ನು ಹೇಗೋ ನಡೆಸಿ ತೆರೆ ಬೀಳಿಸುವುದು ಅವನ ಕೆಲಸ. ಫಲವೆಂಬುದು ಆಟವು ಮುಗಿಯುವುದಷ್ಟೆ. ಅದು ಅವನೊಬ್ಬನ ಸ್ವತ್ತಲ್ಲ. ಹಾಡುವವರು ಬೇರೆ, ಕುಣಿಯುವವರು ಬೇರೆ, ನಗಿಸುವವರು ಬೇರೆ. ಹೀಗೆ ನೋಡಿದರೆ ಕರ್ಮಿಟನು ನಾಯಕನಲ್ಲ, ರಂಗದೊಳಕ್ಕೇ ಇಳಿದು ಬಂದ ಸೂತ್ರಧಾರ. ಸೂತ್ರಧಾರನೆಂಬ ಹೆಸರೇ ಗೊಂಬೆಯ ದಾರ ಹಿಡಿದವನಿಂದ ನಾಟಕಕ್ಕೆ ಬಂದಿತೆಂದು ಪಿಶೆಲ್ ಪಂಡಿತನು ೧೯೦೦ರಲ್ಲಿ ವಾದಿಸಿದ್ದನು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಹೇಗಾದರೂ ಇರಲಿ, ಇಲ್ಲಿ ಮಾತ್ರ ಗೊಂಬೆಯೊಂದು ಸೂತ್ರಧಾರನಾಗಿ, ಅದರ ಕೆಳಗೆ ಮತ್ತೊಬ್ಬ ಸೂತ್ರಧಾರನು ಅದೃಶ್ಯನಾಗಿ ನಿಂತಿರುತ್ತಾನೆ. ಈ ಎರಡನೆಯವನನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಪಾತ್ರಗಳ ಏರಿಳಿತಗಳು ಅರ್ಥವಾಗಲಾರವು.

ಮೊದಲನೆಯ ಆಟದ ಹೆಸರು ‘ಸ್ಯಾಮ್ ಮತ್ತು ಗೆಳೆಯರು’ ಎಂಬರ್ಥದ್ದು. ಸ್ಯಾಮನೆಂದರೆ ಬೋಳುತಲೆಯ, ದೊಡ್ಡ ಮೂಗು ಕಿವಿಗಳ ಒಬ್ಬ ಮನುಷ್ಯ. ಶಾಸನಪ್ರಾಯವಾದ ಶೀರ್ಷಿಕೆಯಲ್ಲಿಯೇ ನಾಯಕತ್ವವು ಅವನಿಗೆ ಬರೆದುಕೊಟ್ಟಿದ್ದಿತು. ಕರ್ಮಿಟನು ಆ ಗೆಳೆಯರಲ್ಲಿ ಒಬ್ಬನು. ಆಗಿನ್ನೂ ಅದು ಕಪ್ಪೆಯೆಂಬ ನಿಶ್ಚಯವೂ ಇರಲಿಲ್ಲ, ಹಲ್ಲಿಯಂಥ ಏನೋ ಒಂದು ಪ್ರಾಣಿ. ಹೆನ್ಸನ್ನನು ತನ್ನ ತಾಯಿ ತೊಟ್ಟು ಬಿಟ್ಟ ನಿಲುವಂಗಿಯ ಬಟ್ಟೆಯನ್ನು ಹೊಲಿದು, ಟೇಬಲ್ ಟೆನ್ನಿಸ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಾಗಿ ಅಂಟಿಸಿ ಅದನ್ನು ಮಾಡಿದ್ದನು. ೧೯೬೧ರಲ್ಲಿ ಆ ಆಟವು ನಿಂತಿತು. ಸ್ಯಾಮನು ಅಲ್ಲಿಗೇ ಮುಗಿದನು, ಕರ್ಮಿಟನು ಉಳಿದನು. ಇದಕ್ಕೆ ಕಥೆಯಲ್ಲಿ ಕಾರಣವನ್ನು ಹುಡುಕಿದರೆ ಸಿಕ್ಕದು, ಏಕೆಂದರೆ ಅಲ್ಲಿ ಕಥೆಯೇ ಇರಲಿಲ್ಲ. ಧ್ವನಿಮುದ್ರಿಕೆಗಳಿಗೆ ತಕ್ಕಂತೆ ಬಾಯಾಡಿಸುವುದೇ ಬಹುಭಾಗ. ಕಾರಣವಿರುವುದು ಬಟ್ಟೆಯಲ್ಲಿ. ಕರ್ಮಿಟನ ತಲೆಯೊಳಗೆ ಗಟ್ಟಿಯಾದ ಅಸ್ಥಿಯಿಲ್ಲ. ಆಟಗಾರನ ಬೆರಳ ಗೆಣ್ಣು ತುಸು ಮಡಿಸಿದರೂ ಮುಖವು ಮುದುಡುತ್ತದೆ, ಮುಷ್ಟಿಯು ಬಿಗಿದರೆ ಕೋಪ, ಸಡಿಲಿದರೆ ದೈನ್ಯ. ಹಸ್ತದ ಚಿತ್ತವೃತ್ತಿಯು ಯಾವ ಅಡ್ಡಿಯೂ ಇಲ್ಲದೆ ಮುಖಕ್ಕೆ ಬರುವಂಥ ಗೊಂಬೆಯನ್ನು ಹೆನ್ಸನ್ನನು ಕೈಬಿಡುವುದಾದರೂ ಹೇಗೆ? ಕರ್ನಾಟಕದ ತೊಗಲುಗೊಂಬೆಯಾಟದಲ್ಲಿಯೂ ರಾಮಕಥೆಯ ನಡುವೆ ನುಗ್ಗಿ ನಗಿಸುವ ಕಿಳ್ಳೇಕ್ಯಾತನ ಹೆಸರೇ ಆಡಿಸುವ ಕುಲಕ್ಕೆ ಅಂಟಿಕೊಂಡಿತೆಂದು ಹೇಳುವರು. ಕಥೆಯ ಒಡೆಯನಾದ ರಾಮನ ಹೆಸರು ಅಂಟಲಿಲ್ಲ.

ಮುಂದೆಯೂ ಇದೇ ರೀತಿ. ಮಪೆಟ್ ಷೋವಿಗೆ ಮೊದಲು ಮಾದರಿಯಾಗಿ ಎರಡು ಆಟಗಳನ್ನು ಮಾಡಿ ನೋಡಿದರು. ೧೯೭೪ರದರಲ್ಲಿ ವಾಲಿ ಎಂಬವನನ್ನೂ ೧೯೭೫ರದರಲ್ಲಿ ನೈಜಲ್ ಎಂಬವನನ್ನೂ ಆಟ ನಡೆಸುವ ಪೀಠದಲ್ಲಿ ಕೂರಿಸಲಾಯಿತು. ಇಬ್ಬರೂ ಆ ಕೆಲಸಕ್ಕೆಂದೇ ಸಂಕಲ್ಪಿಸಿದ ಪಾತ್ರಗಳು, ಇಬ್ಬರೂ ನಿಲ್ಲಲಿಲ್ಲ. ವಾಲಿಯು ಮರೆಯಾದನು, ನೈಜಲನು ವಾದ್ಯಗಾರರ ಹಳ್ಳಕ್ಕೆ ಇಳಿದು ಕೋಲಾಡಿಸುವವನಾಗಿ ಉಳಿದನು. ೧೯೭೬ರಲ್ಲಿ ಪೀಠವು ಕರ್ಮಿಟನಿಗೆ ಬಂದಿತು. ಸ್ವತಃ ಹೆನ್ಸನ್ನನೇ ಬಳಗವನ್ನು ನಡೆಸುತ್ತಿದ್ದವನಾದ್ದರಿಂದ, ನೇಪಥ್ಯದಲ್ಲಿ ತಾನು ಮಾಡುತ್ತಿದ್ದ ಕೆಲಸವನ್ನೇ ರಂಗದ ಮೇಲೆ ಕರ್ಮಿಟನಿಂದ ಮಾಡಿಸುವುದು ಅವನಿಗೆ ಸಹಜವಾಗಿ ಒದಗಿತು.

ಪಿಗ್ಗಿಯ ವೃತ್ತಾಂತವು ಇನ್ನೂ ಸ್ವಾರಸ್ಯವಾದುದು. ಮೊದಲನೆಯ ವರ್ಷದಲ್ಲಿ ಅವಳು ಮೇಳದಲ್ಲಿ ಹಾಡುವ ಹಂದಿಗಳಲ್ಲಿ ಒಬ್ಬಳು. ಅವಳಿಗೆ ನಿಯತನಾದ ಆಟಗಾರನೂ ಇರಲಿಲ್ಲ. ರಿಚರ್ಡ್ ಹಂಟನೂ ಫ್ರ್ಯಾಂಕ್ ಆಜನೂ ಬಿಡುವಿದ್ದಂತೆ ಆಡಿಸುತ್ತಿದ್ದರು. ಒಮ್ಮೆ ಕರ್ಮಿಟನ ಕೆನ್ನೆಗೆ ಹೊಡೆಯಬೇಕೆಂದು ಬರೆಹದಲ್ಲಿದ್ದಲ್ಲಿ, ಆಜನು ಕೆನ್ನೆಗೆ ಹೊಡೆಸದೆ ಅಂಗೈಯ ಅಂಚಿನಿಂದ ಕರಾಟೆಯ ಪೆಟ್ಟೊಂದನ್ನು ಕೊಡಿಸಿದನೆಂದು ಹೇಳುವರು. ಒಂದು ಕ್ಷಣದ ಆ ಪೆಟ್ಟಿನಲ್ಲಿ ಪಿಗ್ಗಿಯ ಸ್ವಭಾವವೆಲ್ಲ ಹೊರಬಿದ್ದಿತು: ಮೇಲೆ ಲಾಲಿತ್ಯ, ಒಳಗೆ ವಜ್ರ. ಅಲ್ಲಿಂದ ಮುಂದೆ ಅವಳು ಆಜನ ಪಾತ್ರವೇ ಆದಳು. ಬರೆಯುವವರು ಆ ಪೆಟ್ಟಿನ ಹಿಂದೆ ಓಡಿ ಅವಳಿಗಾಗಿ ಕಥೆಗಳನ್ನು ಹೊಸೆದರು. ಬರೆಹವು ಮೊದಲು ಹುಟ್ಟಿ ಹಸ್ತವು ಅದನ್ನು ಅನುಸರಿಸಿತೆನ್ನುವವರು ಇಲ್ಲಿ ಪೌರ್ವಾಪರ್ಯವನ್ನು ಗಮನಿಸಬೇಕು.

ಗಾನ್ಜೊ ಎಂಬುದು ಮೊದಲ ವರ್ಷದಲ್ಲಿ ಕಣ್ಣು ಜೋಲುಬಿದ್ದ, ಕುಗ್ಗಿದ ಪ್ರಾಣಿ. ಅದನ್ನಾಡಿಸಿದ ಡೇವ್ ಗೋಲ್ಜನು ಗೊಂಬೆಗಳನ್ನು ಮಾಡುವ ಕೆಲಸಕ್ಕೆ ಬಂದವನೇ ಹೊರತು ಪಳಗಿದ ಆಟಗಾರನಾಗಿರಲಿಲ್ಲ. ಎರಡನೆಯ ವರ್ಷದ ಗೊಂಬೆಯಲ್ಲಿ ರೆಪ್ಪೆಗಳು ಅಗಲವಾಗಿ ತೆರೆದು ಉತ್ಸಾಹವನ್ನು ತೋರುವಂತೆ ಯಂತ್ರವನ್ನು ಅಳವಡಿಸಲಾಯಿತು. ಗೋಲ್ಜನಿಗೆ ಧೈರ್ಯ ಬಂದಂತೆ ಗಾನ್ಜೊವಿಗೂ ಬಂದಿತು; ಫಿರಂಗಿಯಿಂದ ಹಾರುವ ಸಾಹಸಿಯು ಆ ಕುಗ್ಗಿದ ಪ್ರಾಣಿಯೊಳಗಿಂದ ಎದ್ದನು.

೧೯೯೦ನೆಯ ಮೇ ೧೬ರಂದು ಹೆನ್ಸನ್ನನು ಐವತ್ತಮೂರನೆಯ ವಯಸ್ಸಿನಲ್ಲಿ ಅಕಸ್ಮಾತ್ತಾಗಿ ತೀರಿಕೊಂಡನು. ಕರ್ಮಿಟ್, ರೌಲ್ಫ್, ವಾಲ್ಡಾರ್ಫ್, ಅಡಿಗೆಯವನು, ವಾದ್ಯಮೇಳದ ಯಜಮಾನನಾದ ಡಾಕ್ಟರ್ ಟೀತ್, ಇಷ್ಟು ಗೊಂಬೆಗಳ ಕೈ ಒಂದೇ ದಿನ ಹೋಯಿತು. ಅದೇ ನವೆಂಬರಿನಲ್ಲಿ ಬಳಗದವರು ಅವನ ಸ್ಮರಣಾರ್ಥವಾಗಿ ಒಂದು ಆಟವನ್ನಾಡಿದರು. ಪಾತ್ರಪ್ರಾಧಾನ್ಯದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಲಕ್ಷ್ಯವು ದೊರೆಯಲಾರದು. ಅದರ ವಸ್ತು ಹೀಗಿದೆ: ಕರ್ಮಿಟನು ಊರಲ್ಲಿಲ್ಲ, ಜಿಮ್ ಹೆನ್ಸನ್ ಎಂಬುವನಿಗಾಗಿ ಒಂದು ಆಟವನ್ನು ಸಿದ್ಧಮಾಡಿರೆಂದು ಉಳಿದ ಗೊಂಬೆಗಳಿಗೆ ಹೇಳಿಕಳುಹಿಸಿದ್ದಾನೆ. ಆದರೆ ಆ ಹೆನ್ಸನ್ ಯಾರೆಂಬುದು ಅವುಗಳಿಗೆ ತಿಳಿಯದು! ಒಬ್ಬೊಬ್ಬರನ್ನು ಕೇಳಿ ತಿಳಿದುಕೊಳ್ಳುತ್ತ, ಎಂದಿನಂತೆ ಗದ್ದಲವೆಬ್ಬಿಸುತ್ತ ಆಟಕ್ಕೆ ಅಣಿಯಾಗುತ್ತವೆ. ಕೊನೆಗೆ ಒಂದು ಕಟ್ಟು ಕಾಗದಗಳು ಸಿಕ್ಕುತ್ತವೆ. ಓದುತ್ತಿರುವಾಗ ಅವು ದುಃಖಸೂಚಕವಾದ ಪತ್ರಗಳೆಂದೂ, ಆ ಮನುಷ್ಯನು ಸತ್ತಿರುವನೆಂದೂ ಗೊಂಬೆಗಳಿಗೆ ಗೊತ್ತಾಗುತ್ತದೆ. ಎಲ್ಲವೂ ಸುಮ್ಮನಾಗುತ್ತವೆ. ಎಲ್ಲರಿಗಿಂತ ಚಿಕ್ಕವನಾದ ರಾಬಿನನು ಮೆಲ್ಲನೆ ಹಾಡತೊಡಗುತ್ತಾನೆ, ಒಬ್ಬೊಬ್ಬರಾಗಿ ಎಲ್ಲರೂ ಸೇರುತ್ತಾರೆ. ಹಾಡು ಮುಗಿಯುವ ಹೊತ್ತಿಗೆ ಕರ್ಮಿಟನು ಬರುತ್ತಾನೆ. ಅವನ ಒಳಗಿರುವ ಕೈಯು ಸ್ಟೀವ್ ವಿಟ್‌ಮೈರನದು. ಹೆನ್ಸನ್ನನ ತರುವಾಯ ಕರ್ಮಿಟನು ಹೀಗೆ ರಂಗವನ್ನೇರಿದ್ದು ಅದೇ ಮೊದಲು.

ಆ ಆಟದ ಬಹುಭಾಗದಲ್ಲಿ ಕರ್ಮಿಟನಿಗೆ ಒಂದು ಮಾತೂ ಇಲ್ಲ. ಮಾತುಗಳನ್ನೆಣಿಸಿ ಪ್ರಾಧಾನ್ಯವನ್ನು ಅಳೆಯುವವರ ತಕ್ಕಡಿಯಲ್ಲಿ ಅವನು ಪ್ರಕರಿಯೂ ಆಗಲಾರನು. ಆದರೂ ಅಲ್ಲಿಯ ಒಂದೊಂದು ಮಾತೂ ಅವನ ಬರವನ್ನೇ ಕಾಯುತ್ತಿರುವುದು. ಅದಕ್ಕಿಂತ ಗಹನವಾದುದು ಮತ್ತೊಂದುಂಟು. ತಮ್ಮೊಳಗೆ ಕೈಯೊಂದಿದೆಯೆಂಬುದನ್ನು ಅರಿಯದ ಗೊಂಬೆಗಳು ಆ ಕೈಗೆ ಶ್ರಾದ್ಧ ಮಾಡುತ್ತಿವೆ. ನೋಡುವವನಿಗೆ ಗೊತ್ತು, ಗೊಂಬೆಗಳಿಗೆ ಗೊತ್ತಿಲ್ಲ. ಈ ಅಂತರದಲ್ಲಿ ಹಾಸ್ಯವು ಕರುಣಕ್ಕೆ ತಿರುಗಿದ ಕ್ರಮವನ್ನು ರಸವಿಚಾರಕರು ನಿಧಾನವಾಗಿ ನೋಡಬೇಕು.

ಹೆನ್ಸನ್ನನು ಹೋದ ಮೇಲೆ ರೌಲ್ಫನ ಸ್ಥಿತಿಯೇನಾಯಿತು? ೧೯೬೩ರಿಂದ ೧೯೬೬ರವರೆಗೆ ಜಿಮ್ಮಿ ಡೀನ್ ಎಂಬ ಗಾಯಕನ ಸಭೆಯಲ್ಲಿ ವಾರವಾರವೂ ಕಾಣಿಸಿಕೊಂಡು, ಕರ್ಮಿಟನಿಗಿಂತ ಮೊದಲೇ ದೇಶಕ್ಕೆಲ್ಲ ಪರಿಚಿತನಾಗಿದ್ದವನು ಅವನು. ೧೯೯೨ರಲ್ಲಿ ಡಿಕನ್ಸನ ಕ್ರಿಸ್‌ಮಸ್ ಕಥೆಯನ್ನು ಮಪೆಟ್ ಚಿತ್ರವಾಗಿ ಮಾಡಿದಾಗ, ಒಂದು ಔತಣದ ದೃಶ್ಯದಲ್ಲಿ ಪಿಯಾನೋದ ಮುಂದೆ ರೌಲ್ಫನಿದ್ದಾನೆ, ಮಾತಿಲ್ಲ. ಯಾರೂ ಅವನನ್ನು ಕಥೆಯಿಂದ ತೆಗೆದುಹಾಕಲಿಲ್ಲ. ಅವನೊಳಗೆ ಮಾತಾಡುವವನಿರಲಿಲ್ಲ, ಅಷ್ಟೆ. ೧೯೯೬ರ ಹೊತ್ತಿಗೆ ಬಿಲ್ ಬರೆಟ್ಟನು ಆ ಪಾತ್ರವನ್ನು ಕೈಗೆ ತೆಗೆದುಕೊಂಡ ಮೇಲೆ ಅವನಿಗೆ ಮತ್ತೆ ಬಾಯಿ ಬಂದಿತು. ಹಂಟನೂ ೧೯೯೨ರ ಜನವರಿಯಲ್ಲಿ ತೀರಿಕೊಂಡಿದ್ದನು. ಸ್ಕೂಟರನು ಆಗ ಮಂಕಾದವನು ಆ ದಶಕದ ಕೊನೆಯವರೆಗೂ ಬಹುಮಟ್ಟಿಗೆ ಹಾಗೆಯೇ ಇದ್ದನು. ಹಳಬರಿಗೆ ಅನ್ಯಾಯವಾಯಿತೆಂದು ದೂರುವ ರಸಿಕರು ಅನ್ಯಾಯವೆಂದು ಕರೆಯುವುದು ಬಹಳ ಮಟ್ಟಿಗೆ ಒಂದು ಸೂತಕ. ಮೇಲಂತಸ್ತಿನ ಮುದುಕರಿಬ್ಬರಲ್ಲಿ ವಾಲ್ಡಾರ್ಫನು ಹೆನ್ಸನ್ನನವನು, ಸ್ಟ್ಯಾಟ್ಲರನು ಹಂಟನವನು. ಎರಡು ವರ್ಷಗಳೊಳಗೆ ಇಬ್ಬರ ಕೈಗಳೂ ಹೋಗಿ, ೧೯೯೨ರ ಚಿತ್ರದಲ್ಲಿ ಜೆರಿ ನೆಲ್ಸನ್ನನೂ ಗೋಲ್ಜನೂ ಅವರನ್ನಾಡಿಸಿದರು. ಅಲ್ಲಿ ಅವರಿಗೆ ಬಂದ ವೇಷವು ಸಂಕಲೆ ತೊಟ್ಟ ಇಬ್ಬರು ಪ್ರೇತಗಳದು.

ಆ ಚಿತ್ರದಲ್ಲಿ ಕರ್ಮಿಟನು ಬಡ ಗುಮಾಸ್ತೆ. ಕಥೆ ಹೇಳುವವನು ಡಿಕನ್ಸನ ವೇಷದ ಗಾನ್ಜೊ, ಜೊತೆಗೆ ರಿಜ್ಜೊ. ೧೯೯೬ರ ನಿಧಿದ್ವೀಪದ ಕಥೆಯಲ್ಲಿ ಬಾಲಕನ ಬೆನ್ನಿಗೆ ಮೊದಲಿನಿಂದಲೂ ಇರುವವರು ಮತ್ತೆ ಇವರಿಬ್ಬರೇ. ಹಡಗಿನ ಯಜಮಾನನಾದ ಕರ್ಮಿಟನು ತಡವಾಗಿ ಬರುತ್ತಾನೆ. ೧೯೯೯ರ ಚಿತ್ರದಲ್ಲಿ, ತನ್ನ ಕುಲ ಯಾವುದೆಂದು ಹುಡುಕುವ ಗಾನ್ಜೊವೇ ಶಾಸ್ತ್ರೋಕ್ತವಾದ ಅಧಿಕಾರಿ. ಹತ್ತು ವರ್ಷಗಳಲ್ಲಿ ಮೂರು ಚಿತ್ರಗಳು ಗಾನ್ಜೊವಿನ ಕಡೆಗೆ ವಾಲಿದ್ದು ಆಕಸ್ಮಿಕವಲ್ಲ. ಹೆನ್ಸನ್ನನಿರಲಿಲ್ಲ, ಆಜನು ಚಲಚ್ಚಿತ್ರ ನಿರ್ದೇಶನದಲ್ಲಿ ತೊಡಗಿದ್ದನು, ಮೊದಲಿನಿಂದಲೂ ತನ್ನ ಗೊಂಬೆಯನ್ನು ಬಿಡದೆ ಹಿಡಿದು ನಿಂತಿದ್ದ ಪ್ರಮುಖನೆಂದರೆ ಗೋಲ್ಜನು. ನಿಧಿದ್ವೀಪದ ಕಥೆಯಲ್ಲಿ ಆಜನು ಬರಲಾಗದೆ ಕೆವಿನ್ ಕ್ಲ್ಯಾಶ್ ಎಂಬವನು ಪಿಗ್ಗಿಯನ್ನೂ ಫಾಜಿಯನ್ನೂ ಆಡಿಸಿದನು, ಆಜನು ಆಮೇಲೆ ಧ್ವನಿಯನ್ನು ಸೇರಿಸಿದನು. ಕೈ ಒಬ್ಬನದು, ಕಂಠ ಇನ್ನೊಬ್ಬನದು. ಅಂಥ ಪಾತ್ರದ ಮೇಲೆ ಕಥೆಯ ಭಾರವನ್ನೆಲ್ಲ ಹೊರಿಸಲು ಯಾರೂ ಧೈರ್ಯಮಾಡಲಾರರು.

ಇಲ್ಲಿ ಒಂದು ಶಂಕೆಯು ಏಳುತ್ತದೆ. ಸಮರ್ಥನಾದ ಆಟಗಾರನಿದ್ದರೆ ಸಾಕೆಂದಾದರೆ ಕ್ಲಿಫರ್ಡನು ಏಕೆ ನಿಲ್ಲಲಿಲ್ಲ? ೧೯೯೬ರಲ್ಲಿ ಮೊದಲಾದ ‘ಮಪೆಟ್ಸ್ ಟುನೈಟ್’ ಎಂಬ ಮಾಲೆಯಲ್ಲಿ ನಡೆಸುವ ಪೀಠವನ್ನು ಕ್ಲಿಫರ್ಡನಿಗೆ ಕೊಟ್ಟರು. ಅವನನ್ನಾಡಿಸಿದವನು ಅದೇ ಕ್ಲ್ಯಾಶನು. ಎಲ್ಮೊ ಎಂಬ ಸಣ್ಣ ಕೆಂಪು ಗೊಂಬೆಯನ್ನು ಹಂಟನಿಂದ ಪಡೆದು, ಸೆಸಮಿ ಸ್ಟ್ರೀಟ್ ಎಂಬ ಮಕ್ಕಳ ಆಟದಲ್ಲಿ ಮೂಲೆಯಿಂದ ನಟ್ಟನಡುವಿಗೆ ತಂದ ಮಹಾಚತುರನು. ಆದರೂ ನೋಡುವವರು ಕರ್ಮಿಟನನ್ನೇ ಕೇಳಿದರು. ಸಮಾಧಾನವು ಹೀಗೆ: ಎಲ್ಮೊವಿನ ಸ್ಥಾನವನ್ನು ಕ್ಲ್ಯಾಶನು ಗೆದ್ದುಕೊಂಡನು, ಕ್ಲಿಫರ್ಡನ ಸ್ಥಾನವನ್ನು ಕೊಡಲಾಯಿತು. ಕೊಟ್ಟ ಸ್ಥಾನವು ವಾಲಿಗೂ ನೈಜಲನಿಗೂ ಆದಂತೆ ಇವನಿಗೂ ಉಳಿಯಲಿಲ್ಲ. ಅದೇ ಮಾಲೆಯಲ್ಲಿ ಸೀಮೋರ್ ಎಂಬ ಆನೆ, ಪೆಪೆ ಎಂಬ ಸೀಗಡಿ, ಇಬ್ಬರನ್ನು ಜೋಡಿಯಾಗಿ ತಂದಿದ್ದರು. ಆನೆಯು ಮರೆಯಾಯಿತು. ಬರೆಟ್ಟನ ಕೈಯಲ್ಲಿದ್ದ ಸೀಗಡಿಯು ಬೆಳೆದು, ತನ್ನನ್ನು ಕಿರಿಯ ಜಾತಿಯ ಸೀಗಡಿಯೆಂದವರೊಡನೆ ಜಗಳವಾಡುತ್ತ ಇಂದಿಗೂ ಇದೆ.

ಇದರಿಂದ ಬರೆಯುವವನಿಗೆ ಏನೂ ಅಧಿಕಾರವಿಲ್ಲವೆಂದು ತಿಳಿಯಬಾರದು. ಜೆರಿ ಜೂಲನು ೧೯೬೧ರಿಂದ ಬಳಗದಲ್ಲಿದ್ದು, ಮಪೆಟ್ ಷೋವಿನ ಮುಖ್ಯ ಬರೆಹಗಾರನೂ ಹಲವು ಚಿತ್ರಗಳ ಕರ್ತೃವೂ ಆಗಿದ್ದನು. ಅವನ ಬರೆಹವಿಲ್ಲದೆ ಈ ಪಾತ್ರಗಳಿಗೆ ಪರಸ್ಪರ ಸಂಬಂಧವೇ ಸಿದ್ಧಿಸುತ್ತಿರಲಿಲ್ಲ. ಆದರೆ ಜೂಲನೂ ಮೊದಲು ಬಂದದ್ದು ಆಟಗಾರನಾಗಿ. ಅವನು ಕೈಗಳನ್ನು ನೋಡಿ ಬರೆದನು. ೨೦೧೧ರ ಚಿತ್ರವನ್ನು ಬರೆದವರಾದರೋ ಹೊರಗಿನಿಂದ ಬಂದವರು, ಬಾಲ್ಯದಲ್ಲಿ ಮಪೆಟ್ ಷೋವನ್ನು ಪ್ರೇಕ್ಷಕರಾಗಿ ನೋಡಿ ಬೆಳೆದವರು. ಆ ಚಿತ್ರಕ್ಕಾಗಿ ಹೊಸದಾಗಿ ಸೃಷ್ಟಿಯಾದ ವಾಲ್ಟರನು ಮಪೆಟ್‌ಗಳ ಪರಮಾಭಿಮಾನಿ. ಅಭಿಮಾನಿಯೇ ರಂಗವನ್ನೇರಿ ಪಾತ್ರವಾದನು. ವಾಲ್ಟರನಿಂದ ಹಳಬರ ಹೊತ್ತು ಹಾಳಾಯಿತೆಂದು ಅನೇಕರು ಸಿಟ್ಟಾದರು. ಆ ಸಿಟ್ಟಿಗೆ ಗುರಿಯಾದವನು ತಮ್ಮದೇ ಪ್ರತಿಬಿಂಬವೆಂಬುದು ಅವರಿಗೆ ಹೊಳೆಯದಿದ್ದುದು ವಿನೋದವೇ ಸರಿ. ಪೀಟರ್ ಲಿನ್ಜನು ವಾಲ್ಟರನನ್ನು ಬಹು ಮೃದುವಾಗಿ ಆಡಿಸಿದನು. ೨೦೧೪ರ ಮುಂದಿನ ಚಿತ್ರದಲ್ಲಿ ಅವನ ಪಾಲು ಕುಗ್ಗಿತು.

ಕರ್ಮಿಟನ ವಿಷಯದಲ್ಲಿ ಮಾತ್ರ ಒಂದು ವಿಶೇಷವನ್ನು ಒಪ್ಪಲೇಬೇಕು. ಕೈ ಬದಲಾದರೂ ಅವನ ಪೀಠವು ಉಳಿದಿದೆ. ವಿಟ್‌ಮೈರನು ಇಪ್ಪತ್ತಾರು ವರ್ಷ ಆಡಿಸಿದ ಮೇಲೆ ೨೦೧೬ರಲ್ಲಿ ಡಿಸ್ನಿಯವರು ಅವನನ್ನು ಬಿಡಿಸಿದರು. ೨೦೧೭ರಲ್ಲಿ ಅದು ಬಯಲಾದಾಗ ರಸಿಕರಲ್ಲಿ ದೊಡ್ಡ ಒಡಕುಂಟಾಯಿತು; ಹೆನ್ಸನ್ನನ ಮಕ್ಕಳಲ್ಲಿಯೇ ಕೆಲವರು ಸಂಸ್ಥೆಯ ನಿರ್ಣಯವನ್ನು ಸಮರ್ಥಿಸಿದರು. ಪಾತ್ರವು ಯಾರದು? ಬೆಲೆಕೊಟ್ಟು ಕೊಂಡವರದೋ, ಸೃಷ್ಟಿಸಿದವನ ಮನೆಯವರದೋ, ಅದರೊಳಗೆ ಬಾಳಿದವನದೋ? ಅಂದು ನಡೆದ ವಾಗ್ವಾದವು ಇಷ್ಟನ್ನೂ ಮುಟ್ಟಿತು, ಯಾವುದನ್ನೂ ತೀರಿಸಲಿಲ್ಲ. ಮ್ಯಾಟ್ ವೋಗಲನು ಕರ್ಮಿಟನನ್ನು ವಹಿಸಿಕೊಂಡನು. ಧ್ವನಿಯು ಹಳೆಯದರಂತಿಲ್ಲವೆಂದವರೂ, ಕಪ್ಪೆ ಅದೇ ಕಪ್ಪೆಯೆಂದವರೂ ಈಗಲೂ ಇದ್ದಾರೆ. ಸಿಂಹಾಸನವು ನಿಂತರೂ ಆಳುವ ರೀತಿಯು ಒಂದೇ ಆಗಿರುವುದಿಲ್ಲ. ೧೯೯೦ಕ್ಕೆ ಮೊದಲಿನ ಕರ್ಮಿಟನಲ್ಲಿದ್ದ ತಣ್ಣನೆಯ ತುಂಟತನವು ಅನಂತರದವನಲ್ಲಿ ಮೆತ್ತಗಾಗಿ, ಸಜ್ಜನಿಕೆಯೊಂದೇ ಮೇಲೆ ನಿಂತಿತೆಂಬ ಮಾತಿನಲ್ಲಿ ಹುರುಳಿದೆ.

೨೦೨೩ರಲ್ಲಿ ವಾದ್ಯಮೇಳದ ಆರು ಗೊಂಬೆಗಳನ್ನೇ ನಾಯಕಸ್ಥಾನದಲ್ಲಿ ನಿಲ್ಲಿಸಿ ಹತ್ತು ಕಂತುಗಳ ಒಂದು ಮಾಲೆಯನ್ನು ಮಾಡಿದರು. ಅದು ಒಂದೇ ವರ್ಷಕ್ಕೆ ನಿಂತಿತು. ಹಿಂದೆ ಎಂದೂ ಅಂಗಿಯಾಗದೆ ಅಂಗವಾಗಿಯೇ ಇದ್ದ ಪಾತ್ರಗಳಿಗೆ ಪೂರ್ಣಪ್ರಾಧಾನ್ಯವು ದೊರೆತ ಆ ಮಾಲೆಯಲ್ಲಿ, ಡಾಕ್ಟರ್ ಟೀತನ ಕೈ ಹೆನ್ಸನ್ನನಿಂದ ಬರೆಟ್ಟನಿಗೆ, ಫ್ಲಾಯ್ಡನದು ನೆಲ್ಸನ್ನನಿಂದ ವೋಗಲನಿಗೆ, ಜಾನಿಸಳದು ಹಂಟನಿಂದ ಡೇವಿಡ್ ರುಡ್‌ಮನನಿಗೆ, ಆನಿಮಲ್ ಎಂಬ ತಮಟೆಗಾರನದು ಆಜನಿಂದ ಎರಿಕ್ ಜೇಕಬ್ಸನ್ನನಿಗೆ, ಲಿಪ್ಸನದು ವಿಟ್‌ಮೈರನಿಂದ ಲಿನ್ಜನಿಗೆ ಬಂದಿತ್ತು. ಮೊದಲಿನ ಕೈ ಉಳಿದುಕೊಂಡಿದ್ದವನು ಸ್ಯಾಕ್ಸೊಫೋನ್ ಊದುವ ಜೂಟನೊಬ್ಬನೇ, ಅದು ಗೋಲ್ಜನದು. ಆರು ಜನರಲ್ಲಿ ಅತ್ಯಂತ ಮಿತಭಾಷಿಯೂ ಅವನೇ.